ಮರ್ಲನ ತಲೆಯ ಬಳಿಯ ಗಿಡ

ಗಂಡನ ಸಮಾಧಿಯ ಮೇಲೆ ಓರ್ಫಾ ನೆಟ್ಟ ಅಜೇಲಿಯಾ ಹೂಗಿಡ ಈ ವರ್ಷವೂ ಬಾಡಿತು. ಆಚೀಚಿನ ಸಮಾಧಿಗಳ ಮೇಲೆ ಅದೇ ಗಿಡ ಕೆಂಪಗೆ ಅರಳಿ ನಿಂತಿತ್ತು. ಮರ್ಲನ ತಲೆಯ ಬಳಿ ಮಾತ್ರ ಒಣಕಡ್ಡಿ. ಮೇ ಕೊನೆಗೆ, ಸತ್ತವರಿಗೆ ಹೂವಿಡುವ ದಿನ, ಓಹಾಯೋದ ಆ ಗುಡ್ಡದೂರಿನವರೆಲ್ಲ ಹುರಿದ ಕೋಳಿ, ಆಲೂಗಡ್ಡೆ ಸಲಾಡ್ ಕಟ್ಟಿಕೊಂಡು ಚರ್ಚಿನ ಹಿಂದಿನ ಸ್ಮಶಾನಕ್ಕೆ ಬರುತ್ತಾರೆ. ತಿನ್ನುವುದು ಆಮೇಲೆ. ಮೊದಲು ಯಾರು ಯಾರನ್ನು ಮರೆತಿದ್ದಾರೆ ಎಂದು ನೋಡಬೇಕಲ್ಲ.

ಹೋದ ವರ್ಷ ಮರ್ಲನ ಅಕ್ಕ ಗ್ಲೆನ್ನಿಸ್ ಎಲ್ಲರೆದುರೇ ಅಂದುಬಿಟ್ಟಿದ್ದಳು: “ನಿನ್ನ ಕೈಯಿಂದ ಅವನಿಗೆ ಏನೂ ಬೇಡ ಅಂತ ಕಾಣುತ್ತೆ ಕಣಮ್ಮ.”

ತಮಾಷೆಗೇ ಅಂದಿದ್ದಿರಬಹುದು. ಓರ್ಫಾ ಅಲ್ಲಿ ನಕ್ಕಳು, ಮನೆಗೆ ಬಂದು ಅತ್ತಳು. ಮರ್ಲ್ ತೀರಿಕೊಂಡ ದಿನ, ಊಟಕ್ಕೆ ತಡವಾಗಿ ಬಂದನೆಂದು ಅವಳು ಅವನನ್ನು ಚೆನ್ನಾಗಿ ಬೈದಿದ್ದಳು. ಮದುವೆಯಾದಾಗಿನಿಂದ ಆರಿದ ಊಟವನ್ನೇ ಉಂಡ ಮಹಾರಾಯ ಅವನು. ಬೈಸಿಕೊಂಡು, ನಕ್ಕು, ಬಕೆಟ್ ಹಿಡಿದು ಅಕ್ರೋಟ್ ಆರಿಸಲು ಹೋದ. ಅಲ್ಲೇ ಎದೆಬಡಿತ ನಿಂತಿತು. ಅವನಿಗೆ ಇಷ್ಟವೆಂದು ಸ್ಮಶಾನದಲ್ಲೂ ಕರಿ ಅಕ್ರೋಟ್ ಮರದ ಕೆಳಗೇ ಮಣ್ಣು ಮಾಡಿದರು. ಒಂದೊಂದು ಗಿಡ ಸತ್ತಾಗಲೂ, ಅವನ ಮುನಿಸು ಇನ್ನೂ ಇಳಿದಿಲ್ಲ ಎಂದೇ ಓರ್ಫಾ ಅಂದುಕೊಳ್ಳುತ್ತಿದ್ದಳು.

ಸತ್ತ ಗಿಡವನ್ನು ಕೀಳಲು ಒಂದು ಬೆಳಿಗ್ಗೆ ಹೋದರೆ, ಸಮಾಧಿ ಕಲ್ಲಿನ ಹಿಂದೆ ಗ್ಲೆನ್ನಿಸ್ ಮಂಡಿಯೂರಿ ಕೂತಿದ್ದಳು. ಅವಳ ಕೈಯಲ್ಲೂ ಒಂದು ಒಣಗಿದ ಅಜೇಲಿಯಾ. ಕದ್ದು ಸಿಕ್ಕಿಬಿದ್ದವಳಂತೆ ಮುಖ ಕೆಂಪಾಯಿತು.

“ನಿಂದು ಬರಲ್ಲ, ನಂದು ಬರುತ್ತೆ ಅಂತ ತೋರಿಸೋಣ ಅಂದ್ಕೊಂಡಿದ್ದೆ,” ಅಂದಳು. “ನಂದೂ ಸತ್ತಿತು.”

ಓರ್ಫಾ ಪಕ್ಕದಲ್ಲಿ ಕೂತಳು. ಮಂಡಿಗೆ ಹಳೇ ಅಕ್ರೋಟ್ ಕಾಯಿಯೊಂದು ಒತ್ತಿತು. ಅವಳು ತಲೆಯೆತ್ತಿ ಮರವನ್ನು ನೋಡಿದಳು.

“ನಿಮ್ಮಪ್ಪ ಟೊಮೆಟೊ ಎಲ್ಲಿ ಹಾಕ್ತಿದ್ರು?”

“ಕೊಟ್ಟಿಗೆ ಆಚೆ. ಅಕ್ರೋಟ್ ಮರದ ಹತ್ರ ಹಾಕಿದ್ರೆ ಬೇರಿನ ವಿಷಕ್ಕೆ...” ಗ್ಲೆನ್ನಿಸ್ ಅಲ್ಲೇ ನಿಲ್ಲಿಸಿದಳು.

ಅಕ್ರೋಟ್ ಬೇರಿನ ವಿಷಕ್ಕೆ ಟೊಮೆಟೊ ಸಾಯುತ್ತದೆಂದು ಆ ಊರಿನ ಮಕ್ಕಳಿಗೂ ಗೊತ್ತು. ಹಿತ್ತಲಿನ ಬುದ್ಧಿಯನ್ನು ಸ್ಮಶಾನಕ್ಕೆ ಯಾರೂ ತಂದಿರಲಿಲ್ಲ, ಅಷ್ಟೇ.

“ಹಾಗಾದ್ರೆ ಅವನಿಗೆ ನನ್ನ ಮೇಲೆ ಸಿಟ್ಟಿಲ್ಲ,” ಎಂದಳು ಓರ್ಫಾ.

“ನಾನು ಹಾಗೆ ಅನ್ನಬಾರದಿತ್ತು ಕಣೇ,” ಎಂದಳು ಗ್ಲೆನ್ನಿಸ್.

ಇಬ್ಬರೂ ಊರೆಲ್ಲ ಸುತ್ತಿ, ಅಕ್ರೋಟ್ ಮರಗಳ ಬುಡದಲ್ಲಿ ತಾನಾಗಿ ಏನು ಬೆಳೆದಿದೆ ಎಂದು ನೋಡಿದರು. ಕಪ್ಪು ರಾಸ್ಪ್‌ಬೆರಿ ಪೊದೆ ಸೊಂಪಾಗಿತ್ತು. ಸಮಾಧಿಗೆ ಮುಳ್ಳು ಬೇಡವೆಂದು ಬಿಟ್ಟರು. ನೇರಳೆ ಬಣ್ಣದ ವಯಲೆಟ್ ಹೂಗಿಡ ಹುಲ್ಲಿನಲ್ಲೇ ಮುಚ್ಚಿಹೋಗುತ್ತಿತ್ತು. ಕೊನೆಗೆ ಓರ್ಫಾಳ ಬೇಲಿಯ ಮರದ ಕೆಳಗಿದ್ದ ಕಿತ್ತಳೆ ಲಿಲಿ ಉಳಿಯಿತು. ಅದು ಚರಂಡಿ ಪಕ್ಕದ ಗಿಡವೆಂದು ಗ್ಲೆನ್ನಿಸ್ ಮೂಗು ಮುರಿದಳು, ಆದರೂ ಗುದ್ದಲಿ ಹಿಡಿದವಳು ಅವಳೇ.

ಹೂವಿಡುವ ದಿನ ಊರಿಗೆ ಊರೇ ಬಂತು. ಮರ್ಲನ ತಲೆಯ ಬಳಿ ಲಿಲಿಯ ಎಲೆಗಳು ಹಸಿರಾಗಿ ನೆಟ್ಟಗೆ ನಿಂತಿದ್ದವು. ಹೂವು ಒಂದೂ ಇರಲಿಲ್ಲ.

“ಜೂನ್ ಕೊನೆಗೇ ಅರಳೋದು. ಇವತ್ತಿಗೆ ಆಗಲಿಲ್ಲವಲ್ಲ,” ಎಂದು ಗ್ಲೆನ್ನಿಸ್ ಪೇಚಾಡಿಕೊಂಡಳು.

ಓರ್ಫಾ ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

“ತಡವಾಗಿಯೇ ಬರಲಿ ಬಿಡು,” ಎಂದಳು. “ಈ ಸಲ ನಾನು ಬೈಯಲ್ಲ.”