ಖಾಲಿ ಡಬ್ಬದ ತೂಕ

ಬಂದರಿನ ಹೆಬ್ಬಾಗಿಲ ಪಕ್ಕದ ತೂಕದ ಮನೆಯಲ್ಲಿ ಕೂರುವವಳನ್ನು ಲಾರಿಯವರೆಲ್ಲ ತೂಕದಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷ ಲಾರಿ ತೂಗಿದವಳು. ಅವಳ ಕಣ್ಣಿಗೆ ಮಣ್ಣೆರಚುವುದು ಯಾರಪ್ಪನಿಂದಲೂ ಆಗುವ ಮಾತಲ್ಲ.

ದೇಶದಲ್ಲಿ ಮಹಾಕ್ರೀಡಾಕೂಟ ನಡೆಯುತ್ತದೆ ಎಂದಾಗ ದೊಡ್ಡವರು ಏನೆಲ್ಲ ಹೇಳಿದರು! ಜಗತ್ತು ನಮ್ಮನ್ನು ನೋಡುತ್ತದೆ, ನೋಡಿದ ಮೇಲೆ ನಮ್ಮ ಮಾಲು ಕೊಳ್ಳುತ್ತದೆ, ಕಳಿಸಲು ಹಡಗು ಸಾಲುವುದಿಲ್ಲ ಅಂತ. ಎರಡು ವರ್ಷ ಹೊಸ ಕ್ರೀಡಾಂಗಣಕ್ಕೆಂದು ಉಕ್ಕು, ಕುರ್ಚಿ, ದೀಪ, ಕೊನೆಗೆ ಹುಲ್ಲು ಕೂಡ ಹೊರದೇಶದಿಂದ ಬಂತು. ಹುಲ್ಲು ಸ್ವಾಮಿ, ಹುಲ್ಲು! ಅದಕ್ಕೆ ದಾರಿ ಬಿಡಲು ಊರಿನ ಕಾರ್ಖಾನೆಗಳ ಮಾಲು ಗೋದಾಮಿನಲ್ಲೇ ಕೂತಿತು. ಕೊಳ್ಳುತ್ತಿದ್ದವರು ಬೇರೆ ದೇಶ ನೋಡಿಕೊಂಡರು. ಆಟ ಮುಗಿದು ತಿಂಗಳಾಯಿತು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಈಗ ಹೊರಗೆ ಹೋಗುತ್ತಿರುವುದು ಅಂದು ಬಂದ ಕಂಟೇನರುಗಳೇ, ಅದೂ ಖಾಲಿ.

ತೂಕದಕ್ಕನ ತಮ್ಮ ಆ ಕ್ರೀಡಾಂಗಣ ಕಟ್ಟುವ ಕೆಲಸಕ್ಕೆ ಹೋಗಿದ್ದ. ಮೈಕೈ ತುಂಬಿಕೊಂಡಿದ್ದರಿಂದ ಮನೆಯಲ್ಲಿ ಅವನು ಡುಮ್ಮ. ಮೊದಲೆಲ್ಲ ಅಕ್ಕನಿಗೆ ಊಟ ತಂದಾಗ ಲಾರಿ ನಿಲ್ಲಿಸಿ ತೂಗುವ ಕಬ್ಬಿಣದ ಹಾಸಿನ ಮೇಲೆ ನಿಂತು, ಎರಡು ಸಲ ಕುಪ್ಪಳಿಸಿ, "ಕಮ್ಮಿಯಾಗಿದೀನಾ ನೋಡೇ ಅಕ್ಕಾ," ಅನ್ನುವನು. ಕಮ್ಮಿಯಾಗುವುದೆಲ್ಲಿ ಬಂತು, ಎಂಬತ್ತು ಕಿಲೋ ಅಂದರೆ ಎಂಬತ್ತು!

ಅಲ್ಲಿ ಕೆಲಸಗಾರರು ಮಲಗುತ್ತಿದ್ದುದು ಮಾಲು ಇಳಿಸಿದ ಇದೇ ಕಂಟೇನರುಗಳಲ್ಲಿ. ಕ್ರೀಡಾಂಗಣದ ಚಾವಣಿಗೆ ಕಟ್ಟಿದ್ದ ಸಾರುವೆ ಕುಸಿಯಿತೆಂದು ಸುದ್ದಿ ಹಬ್ಬಿದ ದಿನದಿಂದ ಡುಮ್ಮನ ಪತ್ತೆಯಿಲ್ಲ. "ಯಾರಿಗೂ ಏನೂ ಆಗಿಲ್ಲಮ್ಮ. ನಿನ್ನ ತಮ್ಮ ಹಡಗು ಹತ್ತಿ ಪರದೇಶಕ್ಕೆ ಓಡಿಹೋದ," ಅಂದ ಗುತ್ತಿಗೆದಾರ. ಅಮ್ಮ ಅದನ್ನೇ ನಂಬಿದಳು. "ಹೆತ್ತವಳಿಗೆ ಒಂದು ಮಾತು ಹೇಳದೆ ಹೋದನಲ್ಲ, ಇನ್ನು ಅವನ ಸುದ್ದಿ ಎತ್ತಬೇಡ," ಎಂದುಬಿಟ್ಟಳು. ಓಡಿಹೋದನೋ, ಇನ್ನೇನಾದರೂ ಆಯಿತೋ, ಅದೊಂದು ತಿಳಿಯದೆ ಅಕ್ಕನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಅವತ್ತು ಮಟಮಟ ಮಧ್ಯಾಹ್ನ ಕ್ರೀಡಾಂಗಣದ ಮೊದಲ ಖಾಲಿ ಕಂಟೇನರು ತೂಕದ ಹಾಸು ಹತ್ತಿತು. ಡ್ರೈವರ್ ನಿಯಮದಂತೆ ಇಳಿದು ಪಕ್ಕಕ್ಕೆ ನಿಂತ. ಲಾರಿಯ ತೂಕ ಪುಸ್ತಕದಲ್ಲಿದೆ, ಕಂಟೇನರಿನದು ಅದರ ಬಾಗಿಲ ಮೇಲೇ ಬರೆದಿದೆ. ಎರಡೂ ಕೂಡಿಸಿದ ಅಂಕಿ ಪರದೆಯ ಮೇಲೆ ಬರಬೇಕು. ಎಂಬತ್ತು ಕಿಲೋ ಹೆಚ್ಚು ಬಂತು.

"ಬಾಗಿಲು ತೆಗೀರಿ," ಎಂದಳು ಮೈಕಿನಲ್ಲಿ.

"ಖಾಲಿ ಡಬ್ಬ ಅಕ್ಕಾ! ಚೀಟಿ ಕೊಡಿ, ಹಡಗು ಕಾಯಲ್ಲ."

"ಖಾಲಿನೋ ಅಲ್ವೋ ನಾನು ಹೇಳ್ಬೇಕು, ನೀವಲ್ಲ. ತೆಗೀರಿ."

ಗೊಣಗುತ್ತಲೇ ತೆಗೆದ. ಅವಳೇ ಹೋಗಿ ಇಣುಕಿದಳು. ಒಳಗೆ ನರಪಿಳ್ಳೆಯಿಲ್ಲ. ಹೊರಗೆ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು, ಒಳಗಿಂದ ಮಾತ್ರ ತಣ್ಣನೆ ಗಾಳಿ ಬರುತ್ತಿತ್ತು. ಹಿಂತಿರುಗಿ ಬಂದು ಪರದೆ ನೋಡಿದಳು. ಎಂಬತ್ತು ಹಾಗೇ ಇತ್ತು.

ಮೈಕಿಗೆ ಬಾಯಿ ಹತ್ತಿರ ತಂದು, "ಡುಮ್ಮಾ?" ಎಂದಳು.

ಅಂಕಿ ಕುಪ್ಪಳಿಸಿತು. ಒಂದು ಸಲ. ಮತ್ತೊಂದು ಸಲ.

ಅಯ್ಯೋ ನನ್ನ ಕಂದಾ, ಎಂದು ಅವಳ ಕರುಳು ಕಿತ್ತು ಬಂತು. "ಇಳಿಯೋ. ಆ ಹಡಗು ಹತ್ತಬೇಡ," ಎಂದಳು. ಡ್ರೈವರ್ ಬಿಳಿಚಿಕೊಂಡು ಅವಳನ್ನೇ ನೋಡಿದ. ಚೀಟಿ ಕೈಗೆ ಬಿದ್ದಿದ್ದೇ ಲಾರಿ ಹತ್ತಿ ಓಡಿಸಿಕೊಂಡು ಹೋದ.

ಹಾಸು ಬರಿದಾಯಿತು. ಪರದೆಯ ಮೇಲೆ ಎಂಬತ್ತು.

ಮುಂದಿನ ಲಾರಿಗೆ ಮುಂಚೆ ಬಟನ್ ಒತ್ತಿ ಸೊನ್ನೆ ಮಾಡಬೇಕು. ಹದಿನಾರು ವರ್ಷ ಮಾಡಿದ ಕೆಲಸ, ಅವತ್ತು ಬೆರಳೇ ಏಳಲಿಲ್ಲ.

"ಮನೆಗೆ ಹೋಗೋ. ನೀನು ಓಡಿಹೋಗಿರ್ಲಿಲ್ಲ ಅಂತ ಅಮ್ಮಂಗೆ ನಾನು ಹೇಳ್ತೀನಿ. ಬೈಯಲ್ಲ, ಹೋಗು."

ಆಮೇಲೆ ಅಂಕಿ ತಾನಾಗಿ ಸೊನ್ನೆಗೆ ಬಂತು. ತೂಕದಕ್ಕ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟಳು.

ಹೊರಗೆ ಹಾರ್ನುಗಳು ಕೂಗತೊಡಗಿದವು. ಕ್ರೀಡಾಂಗಣದಿಂದ ಖಾಲಿ ಕಂಟೇನರು ಹೊತ್ತು ಬಂದ ಲಾರಿಗಳ ಸಾಲು ರಸ್ತೆಯ ತಿರುವಿನವರೆಗೂ ನಿಂತಿತ್ತು. ಮುಂದಿನದು ಹಾಸು ಹತ್ತಿತು, ಡ್ರೈವರ್ ಇಳಿದು ಪಕ್ಕಕ್ಕೆ ನಿಂತ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂಡಿಸಿ ನೋಡಿದಳು. ಅರವತ್ತು ಕಿಲೋ ಹೆಚ್ಚಿತ್ತು.

ಮೈಕು ಹತ್ತಿರ ಎಳೆದುಕೊಂಡಳು.

"ನೀನು ಯಾರ ಮನೆ ಮಗನಪ್ಪಾ? ಇಳಿ."