ತಿಳಿದೋ ತಿಳಿಯದೆಯೋ

"ಸರ್, ನೀವು ಯಾವ ತಪ್ಪು ಮಾಡೀರಿ ಅಂತ ಕೇಳ್ಯಾರ್ರಿ," ಎಂದಳು ವಿದ್ಯಾರ್ಥಿನಿ ಅನುಜಾ, ಕಂಪ್ಯೂಟರಿನಿಂದ ಮುಖ ತಿರುಗಿಸದೆ.

ಶ್ರೇಣಿಕ ಮಗದುಮ ಅವರು ಚಹಾದ ಕಪ್ಪು ಕೆಳಗಿಟ್ಟು ಅವಳ ಹಿಂದೆ ಬಂದು ನಿಂತರು. ಇ-ಮೇಲ್ ನೆದರ್ಲೆಂಡ್ಸಿನ ಹೆಲೆನ್ ಅವರದು. ಹೊರದೇಶದ ಮೂರು ವಿಶ್ವವಿದ್ಯಾಲಯಗಳೂ ಸಾಂಗ್ಲಿಯ ಈ ಕಾಲೇಜೂ ಸೇರಿ ಶುರುಮಾಡಬೇಕೆಂದಿದ್ದ ಸ್ನಾತಕೋತ್ತರ ಪದವಿಗೆ ಆಕೆಯೇ ಮುಖ್ಯ ಸಂಯೋಜಕಿ. ವಿಷಯ ಸವಳು ಮಣ್ಣು. ವಿದ್ಯಾರ್ಥಿಗಳು ಒಂದೊಂದು ಸೆಮಿಸ್ಟರ್ ಒಂದೊಂದು ದೇಶದಲ್ಲಿ ಓದಿ, ಕೊನೆಯದಕ್ಕೆ ಸಾಂಗ್ಲಿಗೆ ಬರಬೇಕು. ಕಬ್ಬಿಗೆ ನೀರು ಕುಡಿಸಿ ಕುಡಿಸಿ ಉಪ್ಪೇರಿ ಬೆಳ್ಳಗಾದ ಕೃಷ್ಣೆಯ ದಂಡೆಯ ಹೊಲಗಳು ಕಡೆಗೂ ಯಾರಿಗೋ ಬೇಕಾದವು ನೋಡಿ ಎಂದು ಶ್ರೇಣಿಕರು ನಗೆಯಾಡುತ್ತಿದ್ದರು. ನಗೆ ಮೇಲಿನದು. ಒಳಗೆ, ತಾನು ಬದುಕಿನಲ್ಲಿ ಮಾಡಿದ ಒಂದೇ ದೊಡ್ಡ ಕೆಲಸ ಇದು ಎಂಬ ಹೆಮ್ಮೆಯಿತ್ತು.

ಹೆಲೆನ್ ಬಹಳ ವಿನಯದಿಂದ ಕೇಳಿದ್ದರು. ನೀವು ಬರೆದು ಒಪ್ಪಿಕೊಂಡಿರುವ ತಪ್ಪುಗಳು ಯಾವುವು? ಯಾವಾಗ ನಡೆದವು? ಈ ಪದವಿಗಾಗಿ ನಾವೆಲ್ಲ ಸೇರಿ ಈ ತಿಂಗಳು ಸಲ್ಲಿಸಬೇಕಾದ ಅರ್ಜಿಗೂ ಅವಕ್ಕೂ ಸಂಬಂಧವಿದೆಯೇ?

"ನಾ ಎಲ್ಲೆ ಒಪ್ಪಿಕೊಂಡೇನಿ?" ಎನ್ನುವಷ್ಟರಲ್ಲೇ ಶ್ರೇಣಿಕರಿಗೆ ನೆನಪಾಯಿತು.

ಹಿಂದಿನ ವಾರ ಕ್ಷಮಾವಣಿ. ದಶಲಕ್ಷಣ ಪರ್ವದ ಉಪವಾಸಗಳು ಮುಗಿದ ಮೇಲೆ ಜೈನರು ಕಂಡಕಂಡವರಿಗೆಲ್ಲ ಕೈಮುಗಿದು ಕ್ಷಮೆ ಕೇಳುವ ದಿನ. ತಪ್ಪು ಮಾಡಿದ್ದರೂ ಕೇಳಬೇಕು, ಮಾಡದಿದ್ದರೂ ಕೇಳಬೇಕು. ಮಾಲಗಾಂವದ ಮನೆಯಲ್ಲಿ ಬೆಳಗಿನಿಂದ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಬಸದಿಯಿಂದ ಬಂದ ತಾಯಿ ಇಂದುಬಾಯಿ ಮಗನನ್ನು ಬಿಡಲಿಲ್ಲ. "ಆ ಪರದೇಶದವ್ರ ಜೋಡಿ ಯಾವಾಗ್ಲೂ ತಂಟೆ ತಗೀತಿದ್ದೆಲ್ಲ, ಅವ್ರನ್ಯಾಕ ಬಿಡ್ತಿ? ಅವ್ರಿಗೂ ಕ್ಷಮಾ ಕೇಳು."

ಮಾತು ನಿಜ. ಪರೀಕ್ಷೆ ಯಾರು ನಡೆಸಬೇಕು, ಪದವಿಯ ಮೇಲೆ ಯಾರ ಹೆಸರು ಮೊದಲಿರಬೇಕು ಎಂದು ಶ್ರೇಣಿಕರು ಹೆಲೆನ್ ಜೊತೆ ವರ್ಷಗಟ್ಟಲೆ ಹಗ್ಗಜಗ್ಗಾಡಿದ್ದರು. ಮರುದಿನ ಕಾಲೇಜಿಗೆ ಬಂದವರೇ ಇಂಗ್ಲಿಷಿನಲ್ಲಿ ಬರೆದು ಎಲ್ಲರಿಗೂ ಕಳಿಸಿದರು: ಮನಸ್ಸಿನಿಂದ, ಮಾತಿನಿಂದ, ಕಾಯದಿಂದ, ತಿಳಿದೋ ತಿಳಿಯದೆಯೋ ನಿಮ್ಮ ವಿಷಯದಲ್ಲಿ ನಾನು ಮಾಡಿರುವ ತಪ್ಪುಗಳನ್ನು ಕ್ಷಮಿಸಿ. ಕೆಳಗೆ ತಾನಾಗಿಯೇ ಅವರ ಹೆಸರು, ಹುದ್ದೆ, ಕಾಲೇಜಿನ ಲಾಂಛನ ಬಂದು ಕೂತವು. ಇದೊಂದು ಹಬ್ಬ ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ. ಮಾಲಗಾಂವದಲ್ಲಿ ಅದನ್ನು ಯಾರಿಗೆ ಯಾರು ಹೇಳಬೇಕಿತ್ತು? ಕಳಿಸುವ ಮೊದಲು ಅನುಜಾ ಓದಿ ಒಂದು ಸ್ಪೆಲ್ಲಿಂಗ್ ತಿದ್ದಿದ್ದಳು. ಅವಳೂ ಅದೇ ಊರಿನ ಜೈನರ ಮನೆಯ ಹುಡುಗಿ, ಅವಳಿಗೂ ಏನೂ ಅನ್ನಿಸಿರಲಿಲ್ಲ.

ಶ್ರೇಣಿಕರು ನಗುತ್ತಲೇ ಉತ್ತರ ಬರೆದರು. ಹೆಲೆನ್‌ಗೆ ಅರ್ಥವಾಯಿತು, ಎಂಥ ಸುಂದರ ಪದ್ಧತಿ ಎಂದೂ ಬರೆದರು. ಆದರೆ ಅಷ್ಟರಲ್ಲಿ ಕ್ಷಮೆಯ ಪತ್ರ ಅವರ ಪರಿಶೀಲನಾ ಸಮಿತಿಯ ಮುಂದೆ ಹೋಗಿಯಾಗಿತ್ತು. ತಪ್ಪೊಪ್ಪಿಗೆ ಎಂದು ಒಮ್ಮೆ ದಾಖಲಾದದ್ದನ್ನು ತೆಗೆಯಲು ಬರೆದವನ ಮಾತು ಸಾಲದು. ಇಲ್ಲಿ ಯಾವ ಅಕ್ರಮವೂ ನಡೆದಿಲ್ಲ ಎಂದು ಸಂಸ್ಥೆಯ ಮುಖ್ಯಸ್ಥರೇ ಸಹಿ ಮಾಡಿ ಕೊಡಬೇಕು.

ಸಂಸ್ಥೆಯ ಮುಖ್ಯಸ್ಥರೆಂದರೆ ತಾತ್ಯಾಸಾಹೇಬರು. ಊರಂಚಿನ ವಿಶ್ರಾಮಬಾಗದ ಆಚೆಯ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದ ಆ ವರ್ಷಗಳಲ್ಲಿ ಜಾಗದ ಬೆಲೆ ಏರಲೆಂದು ಪ್ಲಾಟಿಗಿಂತ ಮೊದಲು ಕಾಲೇಜು ಕಟ್ಟುತ್ತಿದ್ದ ಮನುಷ್ಯ. ಕಾಗದವನ್ನು ಮೇಲಿಂದ ಕೆಳಗೆ ಓದಿ, ಕನ್ನಡಕ ತೆಗೆದು, "ಕುಣಾಚೀ ಮಾಫಿ ಮಾಗಿತಲೀತ, ಸರ?" ಎಂದು ಮರಾಠಿಯಲ್ಲಿ ಕೇಳಿದರು. ಯಾರ ಕ್ಷಮೆ ಕೇಳಿದಿರಿ?

ಎಲ್ಲರದ್ದೂ, ಎಂದರು ಶ್ರೇಣಿಕರು.

ತಾತ್ಯಾಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ನನ್ನ ಸಂಸ್ಥೆಯ ಲಾಂಛನ ಹಾಕಿ ಬಿಳಿಯರ ಕ್ಷಮೆ ಕೇಳಿದ್ದೀರಿ, ಈಗ ಕಳ್ಳತನ ಮಾಡಿಲ್ಲ ಅಂತ ನಾನು ಬರೆದುಕೊಡಬೇಕೇ, ಹಾಗೆ ಬರೆದರೆ ಯಾರೋ ನಮ್ಮನ್ನು ಕಳ್ಳ ಅಂದಿದ್ದಾರೆ ಅಂತಲೇ ಆಯಿತಲ್ಲ, ಎಂದರು. ನೋಡೋಣ, ಎಂದೂ ಅಂದರು. ಕಾಗದ ಮೇಜಿನ ಮೇಲೆ ಉಳಿಯಿತು, ಸಾಹೇಬರು ಪುಣೆಗೆ ಹೋದರು. ಪುಣೆಯಿಂದ ಮುಂಬೈಗೆ. ಶ್ರೇಣಿಕರು ದಿನಾ ಅವರ ಬಂಗಲೆಯ ಗೇಟಿನವರೆಗೆ ಹೋಗಿ ವಾಚಮನ್‌ನನ್ನು ಕೇಳಿ ಬರುತ್ತಿದ್ದರು. ಐವತ್ತು ದಾಟಿದ ಪ್ರೊಫೆಸರ್ ಗೇಟಿನಲ್ಲಿ ಹಾಗೆ ನಿಲ್ಲುವುದನ್ನು ನೋಡಲಾಗದೆ ವಾಚಮನ್ನೇ ಒಂದು ಕುರ್ಚಿ ತಂದಿಟ್ಟ.

ಅರ್ಜಿಯ ಗಡುವು ಮುಗಿದ ಮರುದಿನ ಹೆಲೆನ್ ಫೋನು ಮಾಡಿದರು. ನಿಮ್ಮ ಕಾಲೇಜನ್ನು ಬಿಟ್ಟು ಅರ್ಜಿ ಹೋಗಿದೆ. ಸಾಂಗ್ಲಿಯ ಸೆಮಿಸ್ಟರ್ ಈಗ ಹಂಗೇರಿಯಲ್ಲಿ ನಡೆಯುತ್ತದೆ, ಅಲ್ಲಿಯೂ ಉಪ್ಪಿನ ನೆಲವಿದೆ. ಸೀಟುಗಳೂ ಪಾಲುದಾರ ವಿಶ್ವವಿದ್ಯಾಲಯಗಳವರಿಗೆ ಮಾತ್ರ. ನಿಮ್ಮ ಬಗ್ಗೆ ನಮ್ಮ ಯಾರ ಮನಸ್ಸಿನಲ್ಲೂ ಏನೂ ಇಲ್ಲ ಶ್ರೇಣಿಕ್, ಎಂದು ಆಕೆ ಎರಡು ಸಲ ಹೇಳಿದರು.

ಸಂಜೆ ತಾಯಿಗೆ ಹೇಳಿದಾಗ ಇಂದುಬಾಯಿ ಶೇಂಗಾ ಸುಲಿಯುತ್ತ ಕೂತಿದ್ದರು. "ಮನಸಿನ್ಯಾಗ ಏನೂ ಇಲ್ಲ ಅಂದ್ರಲ್ಲ? ಮತ್ತ ಕ್ಷಮಾ ಮಾಡ್ಯಾರ. ಆತ್ ಬಿಡು."

ಶ್ರೇಣಿಕರಿಗೆ ತಾಯಿಯ ಮೇಲೆ ಎಂದೂ ಬಾರದ ಸಿಟ್ಟು ಬಂತು. ಯಾವ ತಪ್ಪಿಗೆ ಮಾಡಿದರು ಎಂದು ಕೇಳಬೇಕೆನ್ನಿಸಿತು. ಊಟ ಮಾಡದೆ ಎದ್ದು ಹೋದರು.

ಅನುಜಾಗೆ ಹೇಳುವುದು ಇನ್ನೂ ಬಾಕಿಯಿತ್ತು. ಮೊದಲ ತಂಡಕ್ಕೆ ಸಾಂಗ್ಲಿಯಿಂದ ಆರಿಸಿದ್ದ ಒಬ್ಬಳೇ ವಿದ್ಯಾರ್ಥಿನಿ ಅವಳು. ಕುಪವಾಡದ ಕೈಗಾರಿಕಾ ವಸಾಹತಿನ ಗೊಬ್ಬರದ ಕಾರ್ಖಾನೆಯ ಲ್ಯಾಬಿನಲ್ಲಿ ಸಿಕ್ಕ ಕೆಲಸ ಬೇಡವೆಂದವಳು. ಬಂದ ಸಂಬಂಧಗಳನ್ನು ಅವಳ ಅಪ್ಪ ತಿರುಗಿ ಕಳಿಸುತ್ತ ಬಂದದ್ದು ಶ್ರೇಣಿಕರ ಒಂದು ಮಾತಿನ ಮೇಲೆ. "ಹುಡುಗಿ ಎರಡ ವರ್ಷ ನನ್ನ ಜವಾಬ್ದಾರಿ ಕಾಕಾ," ಎಂದು ಅವರ ಪಡಸಾಲೆಯಲ್ಲಿ ಕೂತು ಹೇಳಿದ್ದರು.

ಮರುದಿನ ಮಧ್ಯಾಹ್ನ ಲ್ಯಾಬಿನಲ್ಲಿ ಅವಳೊಬ್ಬಳೇ ಇದ್ದಳು. ಬ್ಯಾಗು ಆಗಲೇ ಹೆಗಲ ಮೇಲಿತ್ತು. ಆಫೀಸಿನಲ್ಲಿ ಯಾರೋ ಹೇಳಿರಬೇಕು. ಶ್ರೇಣಿಕರು ಎದುರಿಗೆ ಬಂದು ನಿಂತರು. ಚಿಕ್ಕಂದಿನಿಂದ ಊರಿಗೆಲ್ಲ ಸಲೀಸಾಗಿ ಹೇಳುತ್ತ ಬಂದ ಕ್ಷಮೆಯ ವಾಕ್ಯ ಅದು. ತಾನು ನಿಜವಾಗಿ ಯಾರ ವಿಷಯದಲ್ಲಿ ತಪ್ಪು ಮಾಡಿದ್ದರೋ ಅವಳ ಮುಂದೆ ನಿಂತಾಗ ಅದರ ಮೊದಲ ಶಬ್ದವೂ ಬರಲಿಲ್ಲ. ಕೈಗಳು ಎದೆಯವರೆಗೆ ಏರಿ ನಿಂತವು.

"ಸಾರಿ, ಅನುಜಾ," ಎಂದರು.

"ಇರ್ಲಿ ಬಿಡ್ರಿ ಸರ್. ಕುಪವಾಡದವ್ರಿಗೆ ಫೋನ್ ಮಾಡೇನಿ, ಆ ಜಾಗಾ ಭರ್ತಿ ಆಗೇದಂತ. ಬ್ಯಾರೆ ಕಡೆ ನೋಡ್ತೇನಿ."

ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಬ್ಯಾಗನ್ನು ಬೆಂಚಿನ ಮೇಲಿಟ್ಟು, ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಮನೆಯಲ್ಲಿ ಹಿರಿಯರಿಗೆ ಹೇಳುವ ಹಾಗೆಯೇ ಹೇಳಿದಳು: "ತಿಳಿದೋ ತಿಳೀದನೋ ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ ಸರ್."

ಆಮೇಲೆ ಬ್ಯಾಗು ತೆಗೆದುಕೊಂಡು ಮಾಲಗಾಂವದ ಬಸ್ಸು ಹಿಡಿಯಲು ಹೋದಳು. ಶ್ರೇಣಿಕರ ಕೈಗಳು ಇನ್ನೂ ಪೂರ್ತಿ ಕೂಡಿರಲಿಲ್ಲ.