ಚಿಕ್ಕಬೋರಮ್ಮನ ಹೆಬ್ಬೆರಳ ಉಗುರು

ಚಿಕ್ಕಬೋರಮ್ಮನ ಬಲಗೈ ಹೆಬ್ಬೆರಳಿನ ಉಗುರು ಹೊಣಕೆರೆ ಸುತ್ತಿನ ಏಳೆಂಟು ಹಳ್ಳಿಗೆ ಗೊತ್ತಿತ್ತು. ಮಿಕ್ಕ ಒಂಬತ್ತು ಉಗುರನ್ನೂ ಬುಡಮಟ್ಟ ಕತ್ತರಿಸಿಕೊಳ್ಳುತ್ತಿದ್ದ ಆಕೆ ಅದೊಂದನ್ನು ಮಾತ್ರ ಬೆಳೆಸಿ, ಕಲ್ಲಿಗೆ ಉಜ್ಜಿ ಹರಿತ ಮಾಡಿ, ಅರಿಸಿನ ಹಚ್ಚಿ ಇಟ್ಟುಕೊಂಡಿದ್ದಳು. ಹಸುಗೂಸು ಅಳುವಾಗ ನಾಲಿಗೆ ತುಟಿ ದಾಟದೆ, ತುದಿಯಲ್ಲಿ ಕಚ್ಚು ಬಿದ್ದ ಹಾಗೆ ಒಳಕ್ಕೆ ಎಳೆದುಕೊಂಡರೆ ಅಡಿಯ ದಾರ ಬಿಗಿದಿದೆ ಎಂದರ್ಥ. ಎರಡು ಬೆರಳಲ್ಲಿ ನಾಲಿಗೆ ಎತ್ತಿ ಹಿಡಿದು, ಉಗುರಿನಲ್ಲಿ ಚಕ್ ಎಂದು ಒಂದೇ ಸಲ. ಹನಿ ರಕ್ತ ಬರುತ್ತಿತ್ತು, ಮಗುವನ್ನು ತಾಯಿಯ ಎದೆಗೆ ಕೊಟ್ಟರೆ ನಿಲ್ಲುತ್ತಿತ್ತು. ಇದನ್ನು ಆಕೆ ನಾಲಿಗೆ ಬಿಚ್ಚೋದು ಅನ್ನುತ್ತಿದ್ದಳು. ಎಲೆಅಡಿಕೆ ಬಿಟ್ಟು ಯಾರಿಂದಲೂ ಬೇರೇನೂ ಮುಟ್ಟುತ್ತಿರಲಿಲ್ಲ.

ನಾಲಿಗೆ ಅಂದರೆ ಆಕೆಗೆ ಪಂಚಾಂಗ ಇದ್ದ ಹಾಗೆ. ಬಿಳಿ ಕಟ್ಟಿದ್ದರೆ ಹೊಟ್ಟೆ ಕೆಟ್ಟಿದೆ, ಕೆಂಪಗೆ ನುಣ್ಣಗಾಗಿದ್ದರೆ ಮೈಯಲ್ಲಿ ರಕ್ತವಿಲ್ಲ, ಪಕ್ಕದಲ್ಲಿ ತಿಂಗಳಾದರೂ ಮಾಗದ ಹುಣ್ಣಿದ್ದರೆ ಹೊಗೆಸೊಪ್ಪು ಬಿಟ್ಟು ಮೊದಲು ಆಸ್ಪತ್ರೆಗೆ ಹೋಗು. ಬಹಳ ಸಲ ಆಕೆ ಹೇಳಿದ್ದೇ ಸರಿಯಾಗುತ್ತಿತ್ತು. ಹಾಗಾಗಿ ಆಕೆಗೆ ಎದುರು ಮಾತಾಡುವವರು ಯಾರೂ ಇರಲಿಲ್ಲ. ಇದ್ದರೂ ಆಕೆ ಆಡಲು ಬಿಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಹೀಗಿದ್ದ ಚಿಕ್ಕಬೋರಮ್ಮನ ಸ್ವಂತ ಮೊಮ್ಮಗಳಿಗೇ ನಾಲ್ಕು ವರ್ಷವಾದರೂ ಮಾತು ಬರಲಿಲ್ಲ.

ಮಗ ನಿಂಗರಾಜು, ಸೊಸೆ ಬೂಕನಕೆರೆಯ ಪ್ರಮೀಳಾ, ಮಗುವಿನ ಹೆಸರು ಸಹನ. ಹುಟ್ಟಿದ ಹನ್ನೊಂದನೇ ದಿನ ಚಿಕ್ಕಬೋರಮ್ಮನೇ ಅದರ ನಾಲಿಗೆ ಬಿಚ್ಚಿದ್ದಳು. ಅವತ್ತು ಯಾಕೋ ರಕ್ತ ಮಾಮೂಲಿಗಿಂತ ಹೆಚ್ಚು ಬಂತು. ಬಾಣಂತಿ ಪ್ರಮೀಳಾ ಬಿಳಿ ಬಟ್ಟೆ ಕೆಂಪಾಗಿದ್ದನ್ನು ನೋಡಿ ಚೀರಿಕೊಂಡಿದ್ದಳು. ಮಗು ಬೆಳೆಯಿತು, ನಡೆಯಿತು, ಕರುವಿನ ಹಿಂದೆ ಓಡಿತು, ಕಣ್ಣಲ್ಲೇ ನಗುತ್ತಿತ್ತು. ಬಾಯಿಂದ ಮಾತ್ರ ಆ, ಊ ಬಿಟ್ಟು ಒಂದು ‘ಅವ್ವ’ ಬರಲಿಲ್ಲ. ಬಜೆ ತೇಯ್ದು ಜೇನಲ್ಲಿ ಕಲಸಿ ನಾಲಿಗೆಗೆ ತಿಕ್ಕಿದ್ದಾಯಿತು, ಬಂಗಾರದ ಉಂಗುರ ತೇಯ್ದು ನೆಕ್ಕಿಸಿದ್ದಾಯಿತು. ಊರಲ್ಲಿ ಪಿಸುಮಾತು ಶುರುವಾಯಿತು. ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನೇ ನಿಲ್ಲಿಸಿದರು.

ಪ್ರಮೀಳಾ ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ತೊಂಬತ್ತಾರನೇ ಇಸವಿ, ಸಂಕ್ರಾಂತಿ ಮುಗಿದ ವಾರ, ಶ್ರೀರಂಗಪಟ್ಟಣದಲ್ಲಿ ದೊಡ್ಡ ಡಾಕ್ಟರುಗಳು ಬಂದು ಪುಕ್ಕಟೆ ನೋಡುತ್ತಾರೆ ಎಂಬ ಸುದ್ದಿ ಬಂದಾಗ.

“ತೋರುಸ್ಕೊಂಡ್ ಬರಾನ ಅತ್ತೆ. ನಿಮ್ ಉಗುರಿಂದ್ಲೇ ಇಂಗಾಗಿದ್ದು ಅಂತ ಡಾಕ್ಟ್ರು ಅಂದ್ರೆ, ನಾನು ಮಗೀನ್ ಕರ್ಕೊಂಡು ಬೂಕನಕೆರೆಗೆ ಒಂಟೋಯ್ತೀನಿ. ಆಮೇಲೆ ನೀವು ಅವ್ಳ ಮಕ ನೋಡಂಗಿಲ್ಲ.”

ಮಗನ ಕಡೆ ನೋಡಿದರೆ ಅವನು ಹಾಲಿನ ಕ್ಯಾನು ಎತ್ತಿಕೊಂಡು ಡೈರಿ ಕಡೆ ನಡೆದುಬಿಟ್ಟ. ಆ ಕೂಸಿಲ್ಲದೆ ಚಿಕ್ಕಬೋರಮ್ಮನಿಗೆ ರಾತ್ರಿಯೇ ಇರಲಿಲ್ಲ. ಸಹನ ಮಲಗುತ್ತಿದ್ದುದೇ ಅಜ್ಜಿಯ ಮಗ್ಗುಲಲ್ಲಿ. ಅಜ್ಜಿ ಜೋಗುಳ ಶುರು ಮಾಡಿದರೆ ಸಾಕು, ಮಗು ಅಂಗೈ ತಂದು ಅವಳ ಗಂಟಲ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿತ್ತು. ಹಾಡು ನಿಲ್ಲಿಸಿದರೆ ಕಣ್ಣು ಬಿಟ್ಟು ಗಂಟಲು ತಟ್ಟುತ್ತಿತ್ತು. “ನನ್ ರಾಗ ಅಂದ್ರೆ ಪ್ರಾಣ ಕಣವ್ವ ನಮ್ ಮುಂಡೇದ್ಕೆ” ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬೀಗಿದ್ದಳು.

ನಾಗಮಂಗಲಕ್ಕೆ ಬಂದು, ಪಾಂಡವಪುರದ ಮೇಲೆ ಹೋಗುವ ಬಸ್ಸು ಹಿಡಿದು, ಶ್ರೀರಂಗಪಟ್ಟಣದಲ್ಲಿ ಇಳಿದಾಗ ಬಿಸಿಲು ಏರಿತ್ತು. ಶಾಲೆಯೊಂದರ ಮುಂದೆ ಜನವೋ ಜನ. ಪ್ರಮೀಳಾ ಬಟ್ಟೆಯ ಬೋರ್ಡನ್ನು ಓದಿ ಹೇಳಿದಳು, “ಕಿವಿ, ಮೂಗು, ಗಂಟಲು ಅಂತ ಅದೆ.”

“ಅಯ್ಯೋ, ನಾಲ್ಗೆ ಅಂತ ಬರ್ದೇ ಇಲ್ವಲ್ಲ! ಇವ್ರೇನ್ ನೋಡ್ತಾರು ಬುಡು, ವಾಪಸ್ ಓಗಾನ” ಅಂದಳು ಚಿಕ್ಕಬೋರಮ್ಮ. ಹೋಗಿಬಿಡುವ ಆಸೆ ನಿಜವಾಗಿಯೂ ಇತ್ತು. ಪ್ರಮೀಳಾ ಜಗ್ಗಲಿಲ್ಲ.

ಒಳಗಿದ್ದ ಡಾಕ್ಟರು ಹೆಂಗಸು, ಇನ್ನೂ ಚಿಕ್ಕ ವಯಸ್ಸು. ಅಜ್ಜಿಯ ತೊಡೆಯ ಮೇಲೆ ಕೂತ ಮಗುವಿನ ಬಾಯಿಗೆ ಬ್ಯಾಟರಿ ಬಿಟ್ಟು, ಮರದ ಚಪ್ಪಟೆ ಕಡ್ಡಿಯಲ್ಲಿ ನಾಲಿಗೆ ಒತ್ತಿ ನೋಡಿದಳು. ಚಿಕ್ಕಬೋರಮ್ಮ ಉಗುರನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದಳು.

“ನಾಲಿಗೆ ಮೇಲೆ ಇದೇನು, ಮಚ್ಚೆ ಮಚ್ಚೆ?” ಪ್ರಮೀಳಾ ಕೇಳಿದಳು. “ಒಂದ್ ವಾರ ಇಲ್ಲಿರ್ತದೆ, ಇನ್ನೊಂದ್ ವಾರ ಅಲ್ಲಿರ್ತದೆ.”

“ಭೂಪಟದ ಹಾಗೆ ಜಾಗ ಬದಲಾಯಿಸುತ್ತೆ. ಅಲ್ಲಲ್ಲಿ ಮೇಲಿನ ಸಣ್ಣ ಸಣ್ಣ ಮೊಗ್ಗು ಉದುರಿ ಮತ್ತೆ ಬೆಳೆಯುತ್ತವೆ, ಅಷ್ಟೆ. ಅದರಿಂದ ಏನೂ ತೊಂದರೆ ಇಲ್ಲ.” ಡಾಕ್ಟರು ತನ್ನ ನಾಲಿಗೆಯನ್ನೇ ಹೊರಗೆ ಚಾಚಿದಳು. ಸಹನ ನಗುತ್ತ ತಾನೂ ಚಾಚಿತು. ಮೂಗಿನ ಕಡೆ ಎತ್ತಿದಳು, ಮಗುವೂ ಎತ್ತಿತು. ಎಡಕ್ಕೆ, ಬಲಕ್ಕೆ, ಸುತ್ತ ತುಟಿ ಸವರಿ, ಎಲ್ಲವನ್ನೂ ಮಗು ಅಚ್ಚುಕಟ್ಟಾಗಿ ಮಾಡಿತು. ಆಮೇಲೆ ಡಾಕ್ಟರು ಅದರ ನಾಲಿಗೆ ಎತ್ತಿ ಅಡಿಯನ್ನು ನೋಡುತ್ತ ಕೇಳಿದಳು, “ಇಲ್ಲಿ ಯಾರಾದರೂ ಕತ್ತರಿಸಿದ್ರಾ?”

ಪ್ರಮೀಳಾ ಅತ್ತೆಯ ಮುಷ್ಟಿಯ ಕಡೆ ನೋಡಿದಳು. ಕೊನೆಗೆ ಚಿಕ್ಕಬೋರಮ್ಮ ಮುಷ್ಟಿ ಬಿಚ್ಚಿ ಹೆಬ್ಬೆರಳು ತೋರಿಸಿದಳು.

ಡಾಕ್ಟರು ಆ ಉಗುರನ್ನೇ ದಿಟ್ಟಿಸಿದಳು. “ಅಜ್ಜಿ, ಇನ್ನು ಮೇಲೆ ಯಾವ ಮಗುವಿಗೂ ಇದನ್ನು ಮಾಡಬೇಡಿ. ನಂಜಾಗಿ ಪ್ರಾಣ ಹೋಗಬಹುದು. ಇವಳಿಗೆ ಮಾತ್ರ ಏನೂ ಆಗಿಲ್ಲ. ನೀವು ಕತ್ತರಿಸಿದ್ದು ತೆಳುವಾದ ಪೊರೆ, ಅದು ಮಾಗಿದೆ. ನಾಲಿಗೆ ಅಂದರೆ ಎಂಟು ಸ್ನಾಯು ಸೇರಿ ಆಗಿರೋದು, ಎಂಟೂ ಚೆನ್ನಾಗಿ ಕೆಲಸ ಮಾಡ್ತಿವೆ. ಈ ಮಗು ಮಾತಾಡದೆ ಇರೋದಕ್ಕೂ ನಿಮ್ಮ ಉಗುರಿಗೂ ಸಂಬಂಧ ಇಲ್ಲ.”

ಚಿಕ್ಕಬೋರಮ್ಮನಿಗೆ ಕುಣಿದಾಡುವಷ್ಟು ಸಂತೋಷವಾಯಿತು. ನಾಲ್ಕು ವರ್ಷದಿಂದ ಎದೆ ಮೇಲೆ ಕೂತಿದ್ದ ಗುಂಡುಕಲ್ಲನ್ನು ಯಾರೋ ಎತ್ತಿ ಆಚೆಗೆಸೆದ ಹಾಗಾಯಿತು. ಸೊಸೆಯ ಕಡೆ ತಿರುಗಿ, “ಕೇಳುಸ್ಕೊಂಡೇನವ್ವ?” ಅಂದೇಬಿಟ್ಟಳು. ಪ್ರಮೀಳಾ ತಲೆ ತಗ್ಗಿಸಿದಳು.

“ಕರೆದರೆ ತಿರುಗ್ತಾಳಾ?” ಡಾಕ್ಟರು ಕೇಳಿದಳು.

“ಓ, ಯಾಕ್ ತಿರುಗಕಿಲ್ಲ! ಒಸ್ಲಲ್ಲಿ ಕಾಲಿಟ್ರೆ ಸಾಕು ತಿರುಗ್ತಾಳೆ. ಟ್ರಾಕ್ಟರು ಬಂದ್ರೆ ನಮ್ಗಿಂತ ಮೊದ್ಲು ಬಾಗ್ಲಿಗೋಡ್ತಾಳೆ.”

ಡಾಕ್ಟರು ನರ್ಸಿಗೆ ಕಣ್ಸನ್ನೆ ಮಾಡಿದಳು. ನರ್ಸು ಮಗುವಿನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಚಮಚದಿಂದ ಢಣ್ ಎಂದು ಬಾರಿಸಿದಳು. ಹೊರಗೆ ಸಾಲಲ್ಲಿದ್ದವರೂ ಇಣುಕಿದರು. ಚಿಕ್ಕಬೋರಮ್ಮ ಬೆಚ್ಚಿಬಿದ್ದಳು. ಸಹನ ತಟಕ್ಕನೆ ತಿರುಗಿತು.

“ನೋಡ್ರವ್ವ, ತಿರುಗುದ್ಲು!”

“ಅವಳು ತಟ್ಟೆ ಕಡೆ ತಿರುಗಲಿಲ್ಲ ಅಜ್ಜಿ. ನಿಮ್ಮ ಮುಖದ ಕಡೆ ತಿರುಗಿದಳು. ನಿಮ್ಮ ಮೈ ನಡುಗಿತು, ಅದಕ್ಕೆ.” ಡಾಕ್ಟರು ಮಗುವನ್ನು ಎತ್ತಿ ಎತ್ತರದ ಮೇಜಿನ ಮೇಲೆ ಒಂಟಿಯಾಗಿ ಕೂರಿಸಿ, ಕೈಗೆ ಬ್ಯಾಟರಿ ಕೊಟ್ಟಳು. ಸಹನ ಅದರ ಗುಂಡಿ ಒತ್ತಿ, ಬೆಳಕು ಬಂದು ಹೋಗುವುದನ್ನು ನೋಡುತ್ತ ಕೂತಿತು. ನರ್ಸು ಮಗುವಿನ ಕಿವಿಗೆ ಗೇಣು ದೂರದಲ್ಲಿ, ಹಿಂದಿನಿಂದ, ಮತ್ತೆ ಬಾರಿಸಿದಳು. ಇನ್ನೊಮ್ಮೆ. ಮತ್ತೂ ಜೋರಾಗಿ.

ಸಹನ ಗುಂಡಿ ಒತ್ತಿ ಬೆಳಕನ್ನು ನೋಡುತ್ತಲೇ ಇತ್ತು.

ಕಣ್ಣೆದುರು ನಡೆದಿದ್ದನ್ನು ಚಿಕ್ಕಬೋರಮ್ಮನ ತಲೆ ಒಪ್ಪಿಕೊಳ್ಳಲಿಲ್ಲ. ಈ ಮಗು ತನ್ನ ಒಂದು ಮಾತನ್ನೂ ಕೇಳಿಲ್ಲ. ಅದರ ಹೆಸರೇನು ಅಂತ ಅದಕ್ಕೆ ಗೊತ್ತಿಲ್ಲ. ಅಂಗೈ ಇಟ್ಟುಕೊಂಡು ಮಲಗುತ್ತಿದ್ದುದು ರಾಗ ಕೇಳಿ ಅಲ್ಲ, ಗಂಟಲು ನಡುಗುವುದನ್ನು ಮುಟ್ಟಿ ತಿಳಿದು.

“ನಾಲಿಗೆ ಮಾತು ಕಲಿಯೋದು ಕಿವಿಯಿಂದ” ಎನ್ನುತ್ತಿದ್ದಳು ಡಾಕ್ಟರು. “ಮೈಸೂರಿನಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ. ಕಿವಿಗೆ ಮಿಶನ್ ಹಾಕಿ, ದಿನಾ ಕಲಿಸಿದರೆ ಸ್ವಲ್ಪ ಮಾತು ಬರಬಹುದು. ತಡ ಆಗಿದೆ. ಒಂದೂವರೆ ವರ್ಷಕ್ಕೇ ಬಂದಿದ್ದರೆ ತುಂಬಾ ಬರುತ್ತಿತ್ತು. ನಿಮಗೆ ಯಾರೂ ಹೇಳಲಿಲ್ವಾ?”

“ಇಲ್ಲ ಮೇಡಂ, ಯಾರೂ ಯೋಳ್ನಿಲ್ಲ” ಅಂದಳು ಪ್ರಮೀಳಾ, ಅಳುತ್ತ.

ಒಂದೂವರೆ ವರ್ಷ ಅನ್ನುವ ಮಾತು ಚಿಕ್ಕಬೋರಮ್ಮನ ನೆತ್ತಿಗೆ ಬಡಿಯಿತು.

ಹೇಳಿದ್ದರು. ಸೂಜಿ ಹಾಕಲು ಮನೆಮನೆಗೆ ಬರುತ್ತಿದ್ದ ನರ್ಸು ಪುಟ್ಟತಾಯಮ್ಮ ಹೇಳಿದ್ದಳು. ಅವತ್ತು ಪ್ರಮೀಳಾ ಗದ್ದೆಯಲ್ಲಿದ್ದಳು. ಪುಟ್ಟತಾಯಮ್ಮ ಔಷಧದ ಡಬ್ಬ ಕುಲುಕಿ, ಚಿಟಿಕೆ ಹೊಡೆದು, ಎರಡೆರಡು ಸಲ ನೋಡಿ, “ಬೋರಮ್ಮ, ಈ ಮಗೀನ್ ಕಿವಿ ಒಂದಪ ತೋರ್ಸಿ. ಸೊಸೆಗೂ ಯೋಳಿ” ಅಂದಿದ್ದಳು. ಚಿಕ್ಕಬೋರಮ್ಮ ಉರಿದುಬಿದ್ದಿದ್ದಳು. “ನನ್ ಮೊಮ್ಮಗ್ಳು ಕಿವುಡಿ ಅಂತೀಯೇನೇ? ನಾಲ್ಗೆ ನೋಡೋದ್ರಲ್ಲಿ ತಲೆ ನೆರೆತದೆ ನಂಗೆ. ನೆನ್ನೆ ಬಂದೋಳು, ನನ್ಗೇ ಯೋಳ್ಕೊಡಕ್ ಬಂದ್ಬುಟ್ಲು!” ಎಂದು ಬೀದಿಗೆ ಕೇಳುವ ಹಾಗೆ ಬೈದು ಅಟ್ಟಿದ್ದಳು. ಸಂಜೆ ಸೊಸೆಗೆ ಒಂದು ಮಾತೂ ಹೇಳಿರಲಿಲ್ಲ. ಮಾರನೇ ದಿನದಿಂದ ಬಜೆ ತೇಯಲು ಶುರು ಮಾಡಿದ್ದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಪಾಂಡವಪುರ ದಾಟಿದ ಮೇಲೆ ಪ್ರಮೀಳಾ ಸೆರಗಿನಿಂದ ಮೂಗೊರೆಸಿಕೊಂಡು ಅತ್ತೆಯ ಕೈ ಹಿಡಿದಳು.

“ತಪ್ಪಾಯ್ತು ಅತ್ತೆ. ನಾಕು ವರ್ಸ ನಿಮ್ಮುನ್ನ ಕಣ್ಣಲ್ಲೇ ಸುಟ್ಟೆ. ಇನ್ಮೇಲೆ ಅಂಗನ್ನಕಿಲ್ಲ. ಮಗೀನ್ ನಿಮ್ಮಿಂದ ಕಿತ್ಕೊಳ್ಳಕಿಲ್ಲ.”

ಸುಮ್ಮನಿದ್ದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪುಟ್ಟತಾಯಮ್ಮನಿಗೆ ಮದ್ದೂರಿನ ಕಡೆ ವರ್ಗವಾಗಿ ಎರಡು ವರ್ಷ. ಇನ್ನು ಯಾರು ಬಂದು ಹೇಳುತ್ತಾರೆ? ಚಿಕ್ಕಬೋರಮ್ಮ ತುಟಿ ಬಿಗಿದು ಕೂತಳು. ತೊಡೆಯ ಮೇಲಿದ್ದ ಸಹನಳಿಗೆ ನಿದ್ದೆ ಬಂದಿತ್ತು. ಅಭ್ಯಾಸದಂತೆ ಅಂಗೈ ತಂದು ಅಜ್ಜಿಯ ಗಂಟಲಿಗೆ ಇಟ್ಟಿತು. ಅಲ್ಲಿ ಏನೂ ಇರಲಿಲ್ಲ. ಕಣ್ಣು ಬಿಟ್ಟು ಅಜ್ಜಿಯ ಮುಖ ನೋಡಿತು. ಗಂಟಲನ್ನು ಎರಡು ಸಲ ತಟ್ಟಿತು.

ಚಿಕ್ಕಬೋರಮ್ಮನಿಗೆ ತಡೆಯಲಾಗಲಿಲ್ಲ.

“ಪ್ರಮೀಳಾ, ಯೋಳಿದ್ರು ಕಣವ್ವ. ಪುಟ್ಟತಾಯಮ್ಮ ಯೋಳಿದ್ಲು, ಮಗೀಗೆ ಒಂದೂವರೆ ವರ್ಸ ಇದ್ದಾಗ್ಲೇ. ಕಿವಿ ತೋರ್ಸಿ ಅಂದ್ಲು. ನಾನು ಅವ್ಳನ್ನ ಬೈದು ಓಡ್ಸ್ಬುಟ್ಟೆ. ನಿನ್ಗೆ ಯೋಳ್ನೇ ಇಲ್ಲ. ಉಗುರೇನ್ ಮಾಡ್ನಿಲ್ಲ ಕಣವ್ವ. ನಾನೇ ಮಾಡ್ಬುಟ್ಟೆ.”

ಗಂಟಲು ನಡುಗುತ್ತಿದ್ದಂತೆ ಸಹನ ಸಮಾಧಾನವಾಗಿ ಕಣ್ಣು ಮುಚ್ಚಿತು. ಜೋಗುಳವೆಂದೇ ತಿಳಿದಿತ್ತು.

ಪ್ರಮೀಳಾ ಅತ್ತೆಯ ಮುಖವನ್ನು ನೋಡಿದಳು. ಮಗುವಿನ ಅಂಗೈಯನ್ನು ಆ ಗಂಟಲಿನಿಂದ ಮೆಲ್ಲಗೆ ಬಿಡಿಸಿ, ಮಗುವನ್ನು ತನ್ನ ತೊಡೆಗೆ ಎಳೆದುಕೊಂಡಳು. ಆ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, “ಸಹನ” ಅಂದಳು. ಮಗು ಕಣ್ಣು ಬಿಟ್ಟಿತು. ಅವಳು ಮತ್ತೆ “ಸಹನ” ಅಂದಳು, ಮತ್ತೆ ಅಂದಳು. ನಾಗಮಂಗಲ ಬರುವವರೆಗೂ ಅನ್ನುತ್ತಲೇ ಇದ್ದಳು. ಅತ್ತೆಯ ಕಡೆ ಒಂದು ಸಲವೂ ತಿರುಗಲಿಲ್ಲ.